ಒಂದಕ್ಷರದ ತಪ್ಪು

ಮೊನ್ನೆ ಚಿಕ್ಕಮ್ಮನ ರಿಪೋರ್ಟ್ ಬಂತು. ಬೀಡಿ-ಸಿಗರೇಟು ಮುಟ್ಟದ ಜೀವಕ್ಕೆ ಶ್ವಾಸಕೋಶದ ಕ್ಯಾನ್ಸರ್! "ಯಾವ ಪಾಪ ಮಾಡಿದ್ನೋ..." ಅಂತ ಒಂದೇ ಗೋಳು.

ರಿಪೋರ್ಟಿನಲ್ಲಿ 'ಇಜಿಎಫ್‌ಆರ್ ಎಲ್858ಆರ್' ಅಂತಿತ್ತು. ಓದಿ ತಿಳ್ಕೊಂಡಿದ್ದು ಇಷ್ಟು: ಗೆಡ್ಡೆಯ ಡಿಎನ್‌ಎಯಲ್ಲಿ 'ಸಿಟಿಜಿ' ಇರಬೇಕಾದ ಕಡೆ 'ಸಿಜಿಜಿ' ಆಗಿದೆ. ಅದರಿಂದ ಪ್ರೋಟೀನಿನ 858ನೇ ಜಾಗದಲ್ಲಿ ಲ್ಯೂಸೀನ್ ಹೋಗಿ ಆರ್ಜಿನೀನ್ ಕೂತಿದೆ. ಲ್ಯೂಸೀನ್‌ಗೆ ನೀರು ಕಂಡ್ರಾಗದು. ಆರ್ಜಿನೀನ್‌ಗೆ ನೀರೇ ಇಷ್ಟ. ಅಷ್ಟಕ್ಕೇ ಆ ಪ್ರೋಟೀನು ಜೀವಕೋಶಕ್ಕೆ 'ಬೆಳಿ, ಬೆಳಿ' ಅನ್ನೋದನ್ನ ನಿಲ್ಲಿಸೋದೇ ಇಲ್ಲ. ನಾವು ಟೈಪಿಸುವಾಗ 'ಹಾಲು' ಹೋಗಿ 'ಹಾಳು' ಆಗುತ್ತಲ್ಲ, ಹಾಗೆ.

"ಪಾಪ ಅಲ್ಲ ಚಿಕ್ಕಮ್ಮ, ಒಂದಕ್ಷರದ ತಪ್ಪು. ಅದಕ್ಕೇ ಅಂತ ಮಾತ್ರೆ ಇದೆ" ಅಂದೆ.

"ಹಂಗಾದ್ರೆ ತಿದ್ದಬಹುದಾ?" ಅಂದ್ರು.

ತಿದ್ದೋಕಾಗಲ್ಲ, ಒಂದಷ್ಟು ದಿನ ತಡೀಬಹುದು... ಅದನ್ನ ಹೇಳೋಕೆ ಬಾಯಿ ಬರಲಿಲ್ಲ.