ಐಚ್ಛಿಕ

ನಾನು ಕನ್ನಡದ ಅಧ್ಯಾಪಕ. ಇಪ್ಪತ್ತು ವರ್ಷಗಳಿಂದ ‘ಐಚ್ಛಿಕ ಕನ್ನಡ’ವನ್ನು ಪಾಠ ಹೇಳಿಕೊಂಡು ಬಂದಿದ್ದೇನೆ. ಐಚ್ಛಿಕ ಎಂದರೆ ಇಚ್ಛೆಯಿಂದ ಆರಿಸಿಕೊಂಡದ್ದು ಎಂದು ನಿಘಂಟು ಹೇಳುತ್ತದೆ. ಕಾಲೇಜುಗಳಲ್ಲಿ ಅದಕ್ಕೆ ಬಂದಿರುವ ಅರ್ಥವೇ ಬೇರೆ: ತೆಗೆದುಕೊಂಡರೆ ಇರಲಿ, ತೆಗೆದುಕೊಳ್ಳದಿದ್ದರೆ ಯಾರಿಗೂ ನಷ್ಟವಿಲ್ಲ. ಪ್ರವೇಶದ ದಿನಗಳಲ್ಲಿ ನಾನು ಮೇಜಿನ ಹಿಂದೆ ಕುಳಿತು, ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವನು ಪ್ರಯಾಣಿಕರ ಮುಖ ನೋಡುವಂತೆ, ಬರುವ ಹುಡುಗರ ಮುಖವನ್ನೇ ನೋಡುತ್ತಿರುತ್ತೇನೆ. ಹೋದ ವರ್ಷ ಏಳು ಮಂದಿ ಸಿಕ್ಕರು. ಹೀಗಾಗಿ ಆ ಪದವನ್ನು ಎಲ್ಲಿ ಕಂಡರೂ ನನಗೆ ಒಂದು ಬಗೆಯ ಬಂಧುಪ್ರೇಮ. ಹಾಗಿದ್ದೂ, ಹೋದ ಮಾರ್ಚಿಯಲ್ಲಿ ಐಚ್ಛಿಕಗಳ ಒಂದು ಪಟ್ಟಿ ನಮ್ಮ ಮನೆಗೇ ಬಂದಾಗ ಕತ್ತರಿ ಕೈಗೆ ತೆಗೆದುಕೊಂಡವನು ನಾನೇ.

ಪಟ್ಟಿ ಬಂದದ್ದು ನೈರೋಬಿಯಿಂದ. ನನ್ನ ಭಾವಮೈದುನ ಅಲ್ಲಿ ಕೆಲಸದಲ್ಲಿದ್ದಾನೆ. ‘ಭಾವ, ಒಂದು ದಸರಾ ರಜಕ್ಕೆ ಬನ್ನಿ, ಮಾಸಾಯಿ ಮಾರಾಕ್ಕೆ ಮೂರು ದಿನ ಸಫಾರಿ ಹೋಗಿಬರೋಣ’ ಎಂದು ಐದು ವರ್ಷಗಳಿಂದ ಕರೆಯುತ್ತಿದ್ದ. ನಮ್ಮ ಲಿಂಗದಹಳ್ಳಿಯಲ್ಲಿ ಸಫಾರಿ ಎಂದರೆ ಬಹುಕಾಲ ಒಂದು ಉಡುಪಾಗಿತ್ತು. ಮದುವೆಯ ಮನೆಯಲ್ಲಿ ಅದನ್ನು ತೊಟ್ಟುಕೊಂಡು ಬಂದವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಸಿಗುತ್ತಿತ್ತು. ಆ ಮಾತು ನಿಜವಾಗಿ ಸ್ವಾಹಿಲಿ ಭಾಷೆಯದು, ಅದಕ್ಕೆ ಅರಬ್ಬಿಯಿಂದ ಬಂದದ್ದು. ಹಿಂದಿ ಹಾಡಿನಲ್ಲಿ ಬರುವ ‘ಸಫರ್’ ಅದರ ದಾಯಾದಿ. ಅರ್ಥ, ಬರಿಯ ಪ್ರಯಾಣ. ಪ್ರಯಾಣ ಎಂದ ಮೇಲೆ ಖರ್ಚು ಇದ್ದೇ ಇದೆ.

ಪಟ್ಟಿಯಲ್ಲಿ ಎರಡು ಅಂಕಣಗಳಿದ್ದವು. ಎಡಗಡೆ ‘ಸೇರಿದ್ದು’: ಜೀಪು, ಡೇರೆಯ ಬಿಡಾರ, ಊಟ, ಅರಣ್ಯದ ಪ್ರವೇಶ ಶುಲ್ಕ. ಬಲಗಡೆ ‘ಐಚ್ಛಿಕ’. ಅದರ ತಲೆಯ ಮೇಲೆ ಬಲೂನು ಕುಳಿತಿತ್ತು. ಬೆಳಗಿನ ಜಾವ ಬಿಸಿಗಾಳಿಯ ಬಲೂನಿನಲ್ಲಿ ಮೇಲೇರಿ, ಹುಲ್ಲುಗಾವಲಿನ ಮೇಲೆ ಸುಮಾರು ಒಂದು ಗಂಟೆ ತೇಲಿ, ಇಳಿದಲ್ಲೇ ಉಪಾಹಾರ ಮಾಡುವುದು. ತಲೆಗೆ ೪೫೦ ಡಾಲರು. ನಮ್ಮ ಅಡಿಕೆಯ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ. ಅದರ ಕೆಳಗೆ ಮಾಸಾಯಿ ಜನರ ಹಟ್ಟಿಗೆ ಭೇಟಿ. ಅದರ ಕೆಳಗೆ ‘ಹಾರುವ ವೈದ್ಯರು’: ಕಾಡಿನ ನಡುವೆ ಕೈಕಾಲು ಮುರಿದರೆ ವಿಮಾನದಲ್ಲಿ ನೈರೋಬಿಗೆ ಒಯ್ಯುವ ವ್ಯವಸ್ಥೆ. ೧೯೫೭ರಲ್ಲಿ ಶುರುವಾದ ಹಳೆಯ ಸೇವೆಯಂತೆ ಅದು. ಆಮೇಲೆ ದೂರದರ್ಶಕದ ಬಾಡಿಗೆ, ಚಾಲಕನ ಭಕ್ಷೀಸು. ಹಳದಿ ಜ್ವರದ ಚುಚ್ಚುಮದ್ದು ಮಾತ್ರ ಯಾವ ಅಂಕಣದಲ್ಲೂ ಇರಲಿಲ್ಲ. ಹೊರಡುವುದಕ್ಕೆ ಹತ್ತು ದಿನ ಮೊದಲೇ ಅದನ್ನು ಹಾಕಿಸಿಕೊಂಡು ಚೀಟಿ ಇಟ್ಟುಕೊಳ್ಳದಿದ್ದರೆ, ತಿರುಗಿ ಬಂದಾಗ ನಮ್ಮ ದೇಶದವರೇ ನಮ್ಮನ್ನು ಬೇರೆ ಕೂಡಿಸುತ್ತಾರೆ. ಅದರಲ್ಲಿ ಇಚ್ಛೆಯ ಮಾತೇ ಇಲ್ಲ.

ಸಂಜೆ ಜಗಲಿಯ ಮೇಲೆ ಸಭೆ ಸೇರಿತು. ಹತ್ತನೆಯ ತರಗತಿಯ ಮಗಳು ಬಲೂನಿನ ಪಕ್ಷ. ಮಡದಿಯದು ಹಾರುವ ವೈದ್ಯರ ಪಕ್ಷ. ನಾನು ಮೆಟ್ಟಿಲು ಇಳಿಯುವ ಬಗೆಯನ್ನು ಹದಿನೆಂಟು ವರ್ಷಗಳಿಂದ ಬಲ್ಲವಳು. ಅವ್ವ ಒಂದು ಮೂಲೆಯಲ್ಲಿ ಕುಳಿತು ಹೂ ಕಟ್ಟುತ್ತಿದ್ದಳು. ಮಂಡಿನೋವಿನಿಂದಾಗಿ ಅವಳು ಆಫ್ರಿಕಕ್ಕೆ ಬರುವವಳಲ್ಲ. ಆದ್ದರಿಂದ ಅವಳ ಮತವನ್ನು ಯಾರೂ ಕೇಳಲಿಲ್ಲ. ನಾನು ಪೆನ್ನು ಹಿಡಿದು, ಒಂದೊಂದರ ಮುಂದೆಯೂ ‘ಬೇಡ’ ಎಂದು ಬರೆಯುತ್ತಾ ಹೋದೆ. ಎಡಗಡೆಯದೇ ಪ್ರಯಾಣದ ತಿರುಳು, ಬಲಗಡೆಯದು ಬರಿಯ ಒಗ್ಗರಣೆ ಎಂಬುದು ನನ್ನ ಸಿದ್ಧಾಂತ. ಮಗಳ ಮುಖ ಬಾಡಿತು. ಅವಳನ್ನು ಸಮಾಧಾನ ಮಾಡಲು, ‘ಮೊದಲು ನಮ್ಮ ಲಕ್ಕವಳ್ಳಿಯ ಸಫಾರಿಯನ್ನಾದರೂ ನೋಡಿಬರೋಣ, ಅಭ್ಯಾಸವಾಗುತ್ತದೆ’ ಎಂದೆ.

ಆಗ ಅವ್ವ ತಲೆಯೆತ್ತಿ, ‘ಲಕ್ಕವಳ್ಳಿಗಾದರೆ ನಾನೂ ಬರ್ತೀನಿ’ ಎಂದಳು.

ಲಿಂಗದಹಳ್ಳಿಯಿಂದ ತರೀಕೆರೆಯ ಮೇಲೆ ಲಕ್ಕವಳ್ಳಿಗೆ ಒಂದು ಗಂಟೆಯ ದಾರಿ. ಹತ್ತಿರವಿದ್ದದ್ದನ್ನು ನೋಡದಿರುವುದು ಊರವರ ಧರ್ಮವಾದ್ದರಿಂದ ನಾನು ಭದ್ರಾ ಕಾಡಿನೊಳಗೆ ಅದುವರೆಗೆ ಕಾಲಿಟ್ಟಿರಲಿಲ್ಲ. ೧೯೫೧ರಲ್ಲಿ ಮೈಸೂರು ಸರ್ಕಾರ ಜಾಗರ ಕಣಿವೆಯನ್ನು ವನ್ಯಧಾಮವೆಂದು ಸಾರಿತು. ೧೯೭೪ರಲ್ಲಿ ಅದು ಹಿಗ್ಗಿ ಭದ್ರಾ ಅಭಯಾರಣ್ಯವಾಯಿತು. ೧೯೯೮ರಲ್ಲಿ ಹುಲಿ ಯೋಜನೆಗೆ ಸೇರಿತು. ಇದನ್ನೆಲ್ಲ ದಾರಿಯಲ್ಲಿ ಮಗಳಿಗೆ ಹೇಳಿಕೊಂಡು ಹೋದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಧ್ಯಾಪಕನಿಗೆ ಇದು ಹೊಸದಲ್ಲ.

ಲಕ್ಕವಳ್ಳಿಯಲ್ಲೂ ಅದೇ ಸಮಸ್ಯೆ ಎದುರಾಯಿತು. ಜೀಪಿಗೆ ಒಂದು ದರ, ಹಿನ್ನೀರಿನ ದೋಣಿಗೆ ಇನ್ನೊಂದು, ಕ್ಯಾಮೆರಾಕ್ಕೆ ಮತ್ತೊಂದು. ನಾನು ಸಿದ್ಧಾಂತವನ್ನು ಬಿಡಲಿಲ್ಲ. ‘ಕಾಡು ನೋಡಲು ಬಂದವರಿಗೆ ಜೀಪು ಸಾಕು. ನೀರಿನಲ್ಲಿ ಏನಿದೆ? ನೀರೇ ತಾನೇ!’ ಎಂದು ನಾಲ್ವರಿಗೂ ಜೀಪಿನ ಚೀಟಿಯನ್ನಷ್ಟೇ ಕೊಂಡೆ. ಅವ್ವ ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಬಿಸಿಲಿಗೆ ದಣಿದಿರಬೇಕು ಎಂದುಕೊಂಡೆ.

ಜೀಪು ಎರಡು ಗಂಟೆ ಕುಲುಕಿತು. ಜಿಂಕೆಗಳ ಹಿಂಡು, ಮರದಿಂದ ಮರಕ್ಕೆ ಜಿಗಿದ ಒಂದು ಕೆಂದಳಿಲು, ದಾರಿಗೆ ಅಡ್ಡ ನಿಂತು ನಮ್ಮನ್ನು ಸಾಲಗಾರರಂತೆ ದಿಟ್ಟಿಸಿದ ನಾಲ್ಕು ಕಾಟಿಗಳು ಕಂಡವು. ಹುಲಿ ಹೆಜ್ಜೆಯನ್ನಷ್ಟೇ ಬಿಟ್ಟುಹೋಗಿತ್ತು. ‘ಕಾಟಿ ನೋಡೋದಕ್ಕೂ ದುಡ್ಡು ಕೊಡಬೇಕೇನೋ! ನಾವು ತೋಟಕ್ಕೆ ಬಂದರೆ ತಟ್ಟೆ ಬಡಿದು ಓಡಿಸ್ತಿದ್ವಿ’ ಎಂದಳು ಅವ್ವ. ಜೀಪಿನಲ್ಲಿದ್ದವರೆಲ್ಲ ನಕ್ಕರು. ಇಳಿದ ಮೇಲೆ ಅವಳು ನೀರಿನ ಅಂಚಿನ ಕಡೆಗೆ ನಡೆದು, ಕಟ್ಟಿದ್ದ ದೋಣಿಗಳನ್ನು ನೋಡುತ್ತ ನಿಂತಳು. ‘ಹೊತ್ತಾಯಿತು, ಬಾ ಅವ್ವ’ ಎಂದು ಕರೆದೆ. ಬಂದಳು.

ಆ ರಾತ್ರಿ ಊಟವಾದ ಮೇಲೆ ಮಡದಿ ದೇವರ ಗೂಡಿನಿಂದ ಬಾಳೆಲೆಯ ಒಂದು ಪೊಟ್ಟಣವನ್ನು ತಂದು ನನ್ನ ಮುಂದೆ ಬಿಚ್ಚಿದಳು. ಬಾಡಿದ ಸೇವಂತಿಗೆ, ಎರಡು ವೀಳ್ಯದೆಲೆ, ಒಂದು ಅಡಿಕೆ, ಚಿಟಿಕೆ ಅರಿಶಿನ ಕುಂಕುಮ.

‘ಏನಿದು?’ ಎಂದೆ.

‘ಅತ್ತೆ ಬೆಳಗ್ಗೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದು ರೀ. ದೋಣಿಯಲ್ಲಿ ಹೋದರೆ ಅವರ ಊರಿಗೆ ಹಾಕಬೇಕು ಅಂತ. ನೀವು ನೀರೇ ತಾನೇ ಅಂದಿರಲ್ಲ, ವಾಪಸು ತಂದರು.’

ನನ್ನ ಅವ್ವನ ತವರೂರು ಭದ್ರಾ ಹಿನ್ನೀರಿನ ಕೆಳಗಿದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದೇ ಮರೆತಿದ್ದೆ. ಅಣೆಕಟ್ಟಿನ ಕೆಲಸ ೧೯೪೭ರಲ್ಲಿ ಹಿಡಿದು ೧೯೬೫ರಲ್ಲಿ ಮುಗಿಯಿತು. ನೀರು ಏರಿ ಬಂದಾಗ ಅವಳಿಗೆ ಎಂಟೋ ಒಂಬತ್ತೋ ವರ್ಷ. ಎತ್ತಿನ ಗಾಡಿಯಲ್ಲಿ ಒಂದು ಕಣಜ, ಒರಳು, ಕರು ಹಾಕಿದ ಹಸು, ಇಷ್ಟರೊಡನೆ ಅಜ್ಜ ತರೀಕೆರೆ ಕಡೆಯ ನೆಂಟರ ಮನೆಗೆ ಬಂದನಂತೆ. ನಾನೋ, ತರಗತಿಯಲ್ಲಿ ಮುಳುಗಡೆಯ ಕಥೆಯನ್ನು ಗದ್ಗದಿತನಾಗಿ ಪಾಠ ಹೇಳುವವನು. ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಜಲಾಶಯದ ಮಟ್ಟವನ್ನು ಗಟ್ಟಿಯಾಗಿ ಓದಿ, ೧೮೬ ಅಡಿ ಮುಟ್ಟಿದ ದಿನ, ‘ಅವ್ವ, ಡ್ಯಾಮು ತುಂಬಿತು!’ ಎಂದು ಸಂತೋಷಪಡುವವನು. ಶಿವಮೊಗ್ಗ, ದಾವಣಗೆರೆಗಳ ಗದ್ದೆ ತೋಟಗಳೆಲ್ಲ ಆ ನೀರನ್ನು ನಂಬಿರುವಾಗ ಸಂತೋಷಪಡುವುದು ತಪ್ಪಲ್ಲ. ಆದರೆ ಆ ದಿನಗಳಲ್ಲಿ ಅವ್ವ ‘ಹೌದಾ’ ಎಂದು ಒಳಗೆ ಎದ್ದುಹೋಗುತ್ತಿದ್ದುದು ನನಗೆ ಆ ಪೊಟ್ಟಣವನ್ನು ನೋಡಿದ ಮೇಲೆ ನೆನಪಾಯಿತು.

ಹದಿನೈದು ದಿನ ಬಿಟ್ಟು ಮತ್ತೆ ಹೋದೆವು. ಈ ಸಲ ಜೀಪು ಬೇಡ, ದೋಣಿ ಮಾತ್ರ. ಬೇಸಗೆಯಲ್ಲಿ ನೀರು ಇಳಿದು ಅಲ್ಲಲ್ಲಿ ಬೋಳು ನಡುಗಡ್ಡೆಗಳು ಎದ್ದಿದ್ದವು. ಅವುಗಳ ಮೇಲೆಲ್ಲ ರೀವ ಹಕ್ಕಿಗಳು, ಇಂಗ್ಲಿಷರು ರಿವರ್ ಟರ್ನ್ ಎನ್ನುವವು: ಹಳದಿ ಕೊಕ್ಕು, ಕರಿಯ ಟೋಪಿ, ಕವಲೊಡೆದ ಬಾಲ. ನೀರು ಇಳಿದಾಗ ಬಂದು ಬರಿಯ ನೆಲದ ಮೇಲೆ ಮೊಟ್ಟೆಯಿಟ್ಟು, ಮಳೆಯ ನೀರು ಏರುವುದರೊಳಗೆ ಮರಿ ಮಾಡಿಕೊಂಡು ಹಾರಿಹೋಗಬೇಕಾದ ಸಂಸಾರ ಅವುಗಳದು. ಅವುಗಳ ಗದ್ದಲ ನಮ್ಮ ಸಂತೆಯನ್ನು ಮೀರಿಸಿತ್ತು. ನೀರಿನಿಂದ ಹೊರಗೆ ನಿಂತ ಒಣಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕೂತಿದ್ದವು.

ಅವ್ವ ಹಕ್ಕಿಗಳನ್ನು ನೋಡಲಿಲ್ಲ. ಗುಡ್ಡಗಳನ್ನು ನೋಡುತ್ತಿದ್ದಳು. ದೋಣಿ ಒಂದು ತಿರುವು ದಾಟಿದಾಗ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ‘ಅಗೋ, ಆ ಗುಡ್ಡದ ಬೆನ್ನು. ನಮ್ಮ ಹಿತ್ತಲಿಂದ ಹಿಂಗೇ ಕಾಣ್ತಿತ್ತು. ಇಲ್ಲೇ.’ ದೋಣಿಯವನು ಯಂತ್ರವನ್ನು ನಿಲ್ಲಿಸಿದ. ಅವಳು ಪೊಟ್ಟಣವನ್ನು ತೆಗೆದಾಗ, ‘ಅಜ್ಜಿ, ನೀರಿಗೆ ಏನೂ ಹಾಕಬಾರದು’ ಎಂದು ಸಂಕೋಚದಿಂದಲೇ ಹೇಳಿದ. ನಾನು ಏನೋ ವಾದಿಸಲು ಹೊರಟೆ. ಅವ್ವ ನನ್ನನ್ನು ತಡೆದು, ಪೊಟ್ಟಣವನ್ನು ಬಿಚ್ಚಿ, ಅಂಗೈಯ ಮೇಲೆ ಹಿಡಿದು ನೀರಿಗೆ ತೋರಿಸಿ, ಮತ್ತೆ ಕಟ್ಟಿದಳು. ‘ನೋಡ್ತಲ್ಲ, ಸಾಕು’ ಎಂದಳು. ಮನೆಗೆ ತಂದು ಹಿತ್ತಲಿನ ಅಡಿಕೆಮರದ ಬುಡಕ್ಕೆ ಹಾಕಿದಳು.

ಮತ್ತೆ ಆಫ್ರಿಕದ ಪಟ್ಟಿಯನ್ನು ತೆಗೆದೆ. ಈಗ ಬಲಗಡೆಯ ಅಂಕಣವನ್ನು ಮೊದಲಿನಷ್ಟು ಧೈರ್ಯದಿಂದ ನೋಡಲಾಗಲಿಲ್ಲ. ನಮ್ಮ ಜಾಗರ ಕಣಿವೆಯಂತೆಯೇ, ಮಾರಾಕ್ಕೆ ಅಂಟಿಕೊಂಡಿರುವ ಸೆರೆಂಗೆಟಿಯೂ ೧೯೫೧ರಲ್ಲೇ ರಾಷ್ಟ್ರೀಯ ಉದ್ಯಾನವಾದದ್ದು. ಅಲ್ಲಿ ದನ ಮೇಯಿಸಿಕೊಂಡಿದ್ದ ಮಾಸಾಯಿಗಳು ೧೯೫೯ರಲ್ಲಿ ಅದನ್ನು ಬಿಟ್ಟು ಪಕ್ಕದ ಗೊರಂಗೊರೊ ಕಡೆಗೆ ಹೋಗಬೇಕಾಯಿತು. ನಮ್ಮಲ್ಲಿ ಭದ್ರಾ ಕಾಡಿನೊಳಗಿನ ಹಳ್ಳಿಗಳವರು ೨೦೦೨ರ ಸುಮಾರಿಗೆ ಹೊರಗೆ ಬಂದರು. ಹಲವರು ನಮ್ಮದೇ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆನಿಂತರು. ಭೂಮಿ, ಮನೆ, ಶಾಲೆ ದೊರೆತವು. ದೇಶದಲ್ಲಿ ಚೆನ್ನಾಗಿ ನಡೆದ ಸ್ಥಳಾಂತರಗಳಲ್ಲಿ ಇದೊಂದು ಎಂದು ಬಲ್ಲವರು ಹೇಳುತ್ತಾರೆ. ನನ್ನ ಏಳು ಮಂದಿ ಐಚ್ಛಿಕರಲ್ಲಿ ಒಬ್ಬಳು ಅಲ್ಲಿಂದ ಬರುವವಳು. ಸಫಾರಿಯ ವಿಷಯ ಹೇಳಿದಾಗ ಅವಳು ನಕ್ಕು, ‘ನಮ್ಮಜ್ಜಿಯನ್ನ ಆ ಜೀಪಿನಲ್ಲಿ ಕೂರಿಸಿದರೆ ದಾರಿ ಅವರೇ ಹೇಳ್ತಾರೆ ಸಾರ್’ ಎಂದಳು. ಜೀಪಿನ ದರದಲ್ಲಿ ಆ ಅಜ್ಜಿಯ ದಾರಿ ಸೇರಿಲ್ಲ, ಐಚ್ಛಿಕಗಳಲ್ಲೂ ಇಲ್ಲ.

ಆದ್ದರಿಂದ ಮಾಸಾಯಿ ಹಟ್ಟಿಯ ಮುಂದಿನ ‘ಬೇಡ’ವನ್ನು ಹೊಡೆದುಹಾಕಿದೆ. ಅವರ ಕುಣಿತವನ್ನು ನೋಡಿ ಫೋಟೋ ತೆಗೆದುಕೊಂಡು ಬರುವುದಕ್ಕೆ ನನಗೆ ಮನಸ್ಸಿಲ್ಲ. ಭಾವಮೈದುನನಿಗೆ ಸ್ವಾಹಿಲಿ ಬರುತ್ತದೆ, ದನಗಳ ವಿಷಯ ಮಾತಾಡಿಕೊಂಡು ಬರಬಹುದು. ಹಾರುವ ವೈದ್ಯರಿಗೂ ಒಪ್ಪಿದೆ. ಬಲೂನಿನ ಬೆಲೆಯ ಮುಂದೆ ಅದು ಅಲ್ಪ, ಮಡದಿಗೆ ನಿದ್ದೆ ಬರುವುದು ಅಲ್ಪವಲ್ಲ. ಚಾಲಕನ ಭಕ್ಷೀಸನ್ನು ಐಚ್ಛಿಕವೆಂದವನು ಚಾಲಕನಾಗಿ ದುಡಿದಿರಲಾರ. ಅದನ್ನು ಎಡಗಡೆಗೇ ಸೇರಿಸಿದೆ. ದೂರದರ್ಶಕಕ್ಕೆ ಪಕ್ಕದ ಮನೆಯವರನ್ನು ಕೇಳಿದರಾಯಿತು. ಬಲೂನು ಮಾತ್ರ ಬೇಡ. ನೆಲದ ಮೇಲೆ ಲಕ್ಷಗಟ್ಟಲೆ ವೈಲ್ಡ್‌ಬೀಸ್ಟುಗಳು ಸೆರೆಂಗೆಟಿಗೂ ಮಾರಾಕ್ಕೂ ನಡುವೆ ವಲಸೆ ನಡೆಯುವಾಗ, ಅವನ್ನು ನೋಡಲು ಆಕಾಶಕ್ಕೆ ಏಕೆ ಏರಬೇಕು? ಇಷ್ಟು ವಿವೇಕದಿಂದ ತೀರ್ಮಾನಿಸಿ, ನನ್ನ ಬದಲಾವಣೆಯನ್ನು ನಾನೇ ಮೆಚ್ಚಿಕೊಂಡು, ಪಟ್ಟಿಯನ್ನು ಮನೆಯವರಿಗೆ ಓದಿ ಹೇಳಿದೆ.

ಈ ಸಲ ಅವ್ವ ಕೇಳುತ್ತಿದ್ದಳು. ‘ಬಲೂನು ಅಂದರೆ ಏನದು?’ ಎಂದಳು. ಮಗಳು ವಿವರಿಸಿದಳು.

‘ಮೇಲಿಂದ ಎಲ್ಲ ಒಟ್ಟಿಗೆ ಕಾಣುತ್ತಾ?’

‘ಹೂಂ ಅಜ್ಜಿ. ಹೊಳೆ, ಮರ, ದನ, ಎಲ್ಲಾ.’

ಅವ್ವ ಎದ್ದು ಒಳಗೆ ಹೋಗಿ, ಸೀರೆಗಳ ಕೆಳಗಿನಿಂದ ಹೋದ ಕೊಯ್ಲಿನ ಅಡಿಕೆಯ ಹಣವನ್ನು ತಂದು ಮೊಮ್ಮಗಳ ಕೈಗೆ ಇಟ್ಟಳು. ‘ಅವ್ವ, ಅದು ಐಚ್ಛಿಕ, ಬೇಕಾಗಿಲ್ಲ’ ಎಂದೆ.

‘ನಿನಗೆ ಬೇಕಾಗಿಲ್ಲ. ಅವಳಿಗೂ ಬೇಕಾಗಿಲ್ಲ ಅಂತ ನೀನು ಹೆಂಗೆ ಬರೆದೆ?’ ಎಂದಳು ಅವ್ವ.

ಉತ್ತರ ಹೊಳೆಯಲಿಲ್ಲ. ಪೆನ್ನನ್ನು ಮಗಳ ಕೈಗೆ ಕೊಟ್ಟೆ. ಅವಳು ಬಲೂನಿನ ಮುಂದಿದ್ದ ನನ್ನ ‘ಬೇಡ’ವನ್ನು ಹೊಡೆದು, ‘ಒಂದು ಸೀಟು’ ಎಂದು ದುಂಡಗೆ ಬರೆದಳು. ಅವಳು ಮೇಲೆ ತೇಲುವಷ್ಟು ಹೊತ್ತೂ ನಾನು ಕೆಳಗಿನಿಂದ ಕತ್ತೆತ್ತಿ ನೋಡಬೇಕು. ಅದಕ್ಕೆ ಯಾವ ಶುಲ್ಕವೂ ಇಲ್ಲವೆಂದು ಭಾವಮೈದುನ ಬರೆದಿದ್ದಾನೆ.