ಪಾಸ್‌ಪೋರ್ಟ್ ಬೇಡದ ಸಿಂಗಾಪುರ!

1978ರಲ್ಲಿ ದ್ವಾರಕೀಶ್ ವಿಷ್ಣುವರ್ಧನ್‌ರನ್ನು ವಿಮಾನ ಹತ್ತಿಸಿ ‘ಸಿಂಗಾಪೂರ್‌ನಲ್ಲಿ ರಾಜಾಕುಳ್ಳ’ ತೆಗೆದರು. ನೆನಪಿದೆ ತಾನೆ? ನಾನು ಹೋದ ಸಿಂಗಾಪುರಕ್ಕೆ ವಿಮಾನವೂ ಬೇಡ, ಪಾಸ್‌ಪೋರ್ಟೂ ಬೇಡ. ಸಿಟಿ ಬಸ್ಸಿನ ಟಿಕೆಟ್ ಸಾಕು! ಬೆಂಗಳೂರಿನ ವಿದ್ಯಾರಣ್ಯಪುರದ ಪಕ್ಕದಲ್ಲೇ ಇದೆ ನಮ್ಮ ಸಿಂಗಾಪುರ. ಸುತ್ತ ಬಡಾವಣೆ, ಅಪಾರ್ಟ್‌ಮೆಂಟು. ಊರಿಗೆ ತನ್ನದೇ ಒಂದು ಕೆರೆ.

ಹೆಗಲಲ್ಲಿ ಕ್ಯಾಮೆರಾ, ಮನಸ್ಸಲ್ಲಿ ಒಂದೇ ಆಸೆ: ಹಕ್ಕಿಗಳ ಗ್ರೂಪ್ ಫೋಟೋ! ಒಂಟಿ ಹಕ್ಕಿಯ ಕ್ಲೋಸಪ್ ಎಲ್ಲರೂ ತೆಗೀತಾರೆ. ಹೀರೋ ಒಬ್ಬನೇ ನಿಂತರೆ ಅದು ಪೋಸ್ಟರ್. ಎದುರಿಗೆ ಇನ್ನೊಬ್ಬ ಬಂದಾಗಲೇ ಸೀನು. ಹಕ್ಕಿಗಳದ್ದೂ ಹಾಗೇ.

ಸಿಂಗಾಪುರದಿಂದ ಯಲಹಂಕದ ಕಡೆ ಹೋದರೆ ಪುಟ್ಟೇನಹಳ್ಳಿ ಕೆರೆ. (ಜೆ.ಪಿ. ನಗರದ ಪುಟ್ಟೇನಹಳ್ಳಿ ಅಲ್ಲ, ಬೇರೆ ಬಸ್ ಹತ್ತೀರಿ ಜೋಕೆ!) 2015ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಬೆಳಗಿನ ಸೂರ್ಯನಿಗೆ ಬೆನ್ನು ಕೊಟ್ಟು ದಡದಲ್ಲಿ ಕೂತೆ. ನೀರಲ್ಲಿ ನಾಮದ ಕೋಳಿಗಳು: ಮೈಯೆಲ್ಲ ಕಪ್ಪು, ಹಣೆಗೆ ಬಿಳೀ ನಾಮ! ಅತ್ತ ನಾಲ್ಕು ಬಣ್ಣದ ಕೊಕ್ಕರೆಗಳು. ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಆಡಿಸುತ್ತವೆ. ಮೀನು ತಾಗಿದ್ದೇ ತಡ, ಪಟ್ಟನೆ ಮುಚ್ಚುತ್ತವೆ!

ಗುಂಪಿನ ಫೋಟೋ ತೆಗೆಯೋರು ಕತ್ತುಗಳನ್ನು ಗಮನಿಸಬೇಕು. ಒಂದು ಕತ್ತು ಮೇಲೆದ್ದಿತಾ? ಅಲ್ಲೇ ನಿಂತುಬಿಡಿ. ಎಲ್ಲ ಕತ್ತೂ ಎದ್ದವಾ? ನಿಮ್ಮ ಶೂಟಿಂಗ್ ಪ್ಯಾಕಪ್! ಅವು ನಿಮ್ಮನ್ನು ಮರೆತು ಮೀನು ಹಿಡಿಯೋವಾಗ ಸಿಗೋದೇ ನಿಜವಾದ ಚಿತ್ರ.

ಅಷ್ಟರಲ್ಲಿ ಪಕ್ಕದ ಹುಡುಗನೊಬ್ಬ ಹಾರೋ ಫೋಟೋ ಬೇಕಂತ ಕಲ್ಲು ಎತ್ತಿದ. “ಬೇಡ ಕಣಪ್ಪಾ” ಅಂತ ಕೈ ಹಿಡಿದೆ. “ಒಂದೇ ಕಲ್ಲು ಸಾರ್!” ಅಂದ. ಆ ಒಂದು ಕಲ್ಲಿಗೆ ಹಕ್ಕಿ ಗೂಡು ಬಿಟ್ಟು ಎದ್ದರೆ ಮೊಟ್ಟೆ, ಮರಿ ಎಲ್ಲ ಬಿಸಿಲಿಗೆ, ಕಾಗೆ ಹದ್ದುಗಳಿಗೆ ಪಾಲು. ನಮಗೆ ಫೋಟೋ ತಪ್ಪಿದರೆ ಮುಂದಿನ ಭಾನುವಾರ ಇದೆ. ಮರಿಗಳಿಗೆ ರೀಟೇಕ್ ಇಲ್ಲ.

1973ರ ‘ಗಂಧದ ಗುಡಿ’ಯಲ್ಲಿ ಅಣ್ಣಾವ್ರು ಕಾಡು ಕಾಯೋ ಅಧಿಕಾರಿಯಾದರು. ಅಪ್ಪು ಅಗಲಿದ ಮೇಲೆ, 2022ರಲ್ಲಿ ಬಂದ ಅವರ ‘ಗಂಧದ ಗುಡಿ’ಯಲ್ಲಿ ಮಗ ಅದೇ ಕಾಡುಗಳನ್ನು ಕಣ್ತುಂಬಾ ನೋಡುತ್ತಾ ಸುತ್ತಿದರು. ಎರಡಕ್ಕೂ ಶಿಳ್ಳೆ ಹೊಡೆದ ಕೈ ನಮ್ಮದು. ಆ ಕೈಯಲ್ಲಿ ಕ್ಯಾಮೆರಾ ಇರಲಿ, ಕಲ್ಲು ಬೇಡ. ಏನಂತೀರಿ?