ದಾರದಲ್ಲಿ ಅಳೆದ ದೂರ

ಬೆಂಗಳೂರಿನ ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ನೇರ ದೂರ ಸುಮಾರು ೧೪,೦೦೦ ಕಿಲೋಮೀಟರ್. ಈ ‘ನೇರ’ ಎಂಬುದು ಗೋಡೆಯ ಭೂಪಟದ ಮೇಲೆ ಸ್ಕೇಲಿಟ್ಟರೆ ತಿಳಿಯುವಂಥದಲ್ಲ. ಏಳನೆಯ ತರಗತಿಯಲ್ಲಿ ನನ್ನ ಪಾಠ ಕೇಳಿದವರಿಗೆ ನೆನಪಿರಬಹುದು, ಗೋಲದ ಮೇಲೆ ಹೊಲಿಗೆಯ ದಾರ ಹಿಡಿದು ಊರೂರಿನ ದೂರ ಅಳೆಯುತ್ತಿದ್ದೆವು. (ಆ ಗೋಲದ ಅಚ್ಚು ಮುರಿದು ಬಿದಿರುಕಡ್ಡಿ ಸಿಕ್ಕಿಸಿದ್ದು ಬೇರೆ ಕಥೆ.) ಬೆಂಗಳೂರು ಇರುವುದು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ೩೭ರ ಆಸುಪಾಸಿನಲ್ಲಿ. ಆದರೂ ಬಿಗಿಯಾಗಿ ಎಳೆದ ದಾರವು ಹಿಮಾಲಯ, ಮಂಗೋಲಿಯ, ಸೈಬೀರಿಯಗಳನ್ನು ಹಾದು, ೭೦ ಡಿಗ್ರಿಯನ್ನೂ ಮೀರಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ಚೆಂಡಿನ ಮೇಲಣ ಹತ್ತಿರದ ದಾರಿ ಹಾಗಿರುತ್ತದೆ.

ಗಂಟೆಗೆ ೯೦೦ ಕಿಲೋಮೀಟರ್ ವೇಗದಲ್ಲಿ ಇದು ಹದಿನೈದೂವರೆ ಗಂಟೆಯ ಹಾದಿ. ಗಾಳಿಯ ದಿಕ್ಕು, ಮಾರ್ಗದ ಸುತ್ತು ಸೇರಿದರೆ ಹದಿನಾರು, ಹದಿನೇಳು. ೨೦೨೧ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಉತ್ತರ ಧ್ರುವದ ಮೇಲೆ ಹಾರಿ, ನಡುವೆ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂದರು. ಪತ್ರಿಕೆಯಲ್ಲಿ ಓದಿದಾಗ ನನಗೆ ಆ ದಾರವೇ ಕಣ್ಣಮುಂದೆ ಬಂತು.

ನಮ್ಮ ಮನೆಗೆ ಈ ಲೆಕ್ಕ ಬೇಕಾದದ್ದು ಅದಕ್ಕೂ ಮೊದಲು. ೨೦೧೬ರ ಜನವರಿಯ ಒಂದು ಭಾನುವಾರ, ಬೆಳಗಿನ ಐದಕ್ಕೆ, ಶಿವಮೊಗ್ಗದಾಚೆಯ ಹಳ್ಳಿಯಲ್ಲಿ ಅಕ್ಕ ತೀರಿಕೊಂಡಳು. ಹಿರಿಯ ಮಗ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಆಗಿನ್ನೂ ಶನಿವಾರ ಮಧ್ಯಾಹ್ನ ಮೂರೂವರೆ. ಸಂಜೆಯೊಳಗೆ ಮುಗಿಸಬೇಕೆಂದು ಹಿರಿಯರ ಅಭಿಪ್ರಾಯ; ಕಿರಿಯ ಮಗ ಮನೆಯಲ್ಲಿಯೇ ಇದ್ದನಲ್ಲ. ಅವನು ಮಾತ್ರ, “ಅಣ್ಣ ಬರಲಿ” ಎಂದವನು ಬೇರೆ ಮಾತಾಡಲಿಲ್ಲ. ಅಕ್ಕನ ಮೈದುನರು ನನ್ನ ಕಡೆ ತಿರುಗಿ, “ಮೇಷ್ಟ್ರೇ, ನೀವೇ ಲೆಕ್ಕ ಹಾಕಿ ಹೇಳಿ. ಯಾವಾಗ ಬಂದಾನು?” ಎಂದರು.

ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಅವನಿಗೆ ಸಿಕ್ಕಿದ ವಿಮಾನ ಅಲ್ಲಿಯ ರಾತ್ರಿ ಒಂಬತ್ತಕ್ಕೆ, ಎಂದರೆ ನಮ್ಮ ಭಾನುವಾರ ಬೆಳಗ್ಗೆ ಹತ್ತೂವರೆ. ನಡುವೆ ಒಮ್ಮೆ ವಿಮಾನ ಬದಲಿಸಿ ಇಪ್ಪತ್ತೊಂದು ಗಂಟೆ. ಸೋಮವಾರ ಬೆಳಗ್ಗೆ ಏಳೂವರೆಗೆ ದೇವನಹಳ್ಳಿ. ಹೊರಬರಲು ಒಂದು ಗಂಟೆ, ಊರಿಗೆ ಏಳು ಗಂಟೆ. “ಮೂರೂವರೆ. ಸೂರ್ಯಾಸ್ತಕ್ಕೆ ಮುಂಚೆ ಖಂಡಿತ” ಎಂದೆ. ಖಂಡಿತ ಎನ್ನುವ ಅಧಿಕಾರ ನನಗಿರಲಿಲ್ಲ. ಆದರೆ ಅಲ್ಲಿ ಬೇಕಾಗಿದ್ದುದು ಆ ಒಂದು ಮಾತು. ಶಿವಮೊಗ್ಗದಿಂದ ಶೀತಲ ಪೆಟ್ಟಿಗೆ ತರಿಸಿದೆವು.

ವಿಮಾನ ಹೊತ್ತಿಗೆ ಸರಿಯಾಗಿ ಬಂತು. ಮಹಾಸಾಗರ ದಾಟುವಾಗ ಇಲ್ಲದ ಆತಂಕ ತುಮಕೂರು ದಾಟಿದ ಮೇಲೆ ಶುರುವಾಯಿತು. ತಿಪಟೂರಿನಿಂದ ಫೋನು, ಅರಸೀಕೆರೆಯಿಂದ ಫೋನು, ಕಡೂರಿನ ಬಳಿ ಲಾರಿಯೊಂದು ಅಡ್ಡನಿಂತ ಸುದ್ದಿ. ಆಮೇಲೆ ಒಂದೂವರೆ ಗಂಟೆ ಏನೂ ಇಲ್ಲ. ಅಂಗಳಕ್ಕೆ ಕಾರು ಬಂದಾಗ ನಾಲ್ಕು ದಾಟಿ ಹತ್ತು ನಿಮಿಷವಾಗಿತ್ತು. ತಮ್ಮ ಎದ್ದುಹೋಗಿ ಅಣ್ಣನ ಕೈ ಹಿಡಿದುಕೊಂಡ. ಬೆಳಕಿರುವಾಗಲೇ ಎಲ್ಲ ನಡೆಯಿತು.

೨೦೨೩ರ ಆಗಸ್ಟ್ ೩೧ರಿಂದ ಬೆಂಗಳೂರಿಗೂ ಶಿವಮೊಗ್ಗಕ್ಕೂ ವಿಮಾನ ಸಂಚಾರ ಆರಂಭವಾಯಿತು. ದೂರದಲ್ಲಿರುವ ನೀವು ನಿಮ್ಮ ಊರಿನ ಲೆಕ್ಕವನ್ನು ಒಮ್ಮೆ ಬರೆದಿಟ್ಟುಕೊಳ್ಳಿ. ದೇವನಹಳ್ಳಿಯಲ್ಲಿ ನಿಲ್ಲಿಸಬೇಡಿ, ಮನೆಯ ಅಂಗಳದವರೆಗೂ ಬರೆಯಿರಿ.